ಗಿರಾಕಿ ಕೊಡುವ ಹಣವೂ ಬಂಡವಾಳವೇ

ವೆಂಚರ್ ಕ್ಯಾಪಿಟಲ್ ಇಲ್ಲದೆಯೂ ತಂತ್ರಜ್ಞಾನದ ಕಂಪನಿ ಕಟ್ಟಬಹುದು, ನಮ್ಮಲ್ಲಿ ಹೆಚ್ಚಿನವರು ಹಾಗೆ ಕಟ್ಟುವುದೇ ಒಳ್ಳೆಯದು ಎಂದು ನಾನು ಬರೆದದ್ದಕ್ಕೆ ಸಾಕಷ್ಟು ಆಕ್ಷೇಪಣೆಗಳು ಬಂದಿವೆ. ಕೆಲವು ಖಾರವಾಗಿವೆ, ಕೆಲವು ನ್ಯಾಯವಾಗಿವೆ. ಶಿವಮೊಗ್ಗ, ಹುಬ್ಬಳ್ಳಿ, ಕಲಬುರಗಿಯ ಎಂಜಿನಿಯರಿಂಗ್ ಕಾಲೇಜುಗಳ ಮಕ್ಕಳ ಕಿವಿಗೆ ಇವೇ ವಾದಗಳು ದಿನವೂ ಬೀಳುತ್ತಿವೆ. ಹಾಗಾಗಿ ಸುಮ್ಮನಿರುವುದು ಸರಿಯಲ್ಲ.

ಮೊದಲ ಆಕ್ಷೇಪ: ಹೊರಗಿನ ಹೂಡಿಕೆ ಇಲ್ಲದೆ ಯಾವ ಕಂಪನಿಯೂ ದೊಡ್ಡದಾಗಲಾರದು. ಇನ್ಫೋಸಿಸ್ 1981ರಲ್ಲಿ 10,000 ರೂಪಾಯಿಯಿಂದ ಶುರುವಾಯಿತು, ಷೇರು ಮಾರುಕಟ್ಟೆಗೆ ಬಂದದ್ದು 1993ರಲ್ಲಿ. ನಡುವಿನ ವರ್ಷಗಳಲ್ಲಿ ಅದನ್ನು ಸಾಕಿದ್ದು ಗಿರಾಕಿಗಳು ಕೊಟ್ಟ ಕೆಲಸ. 1996ರಲ್ಲಿ ಹುಟ್ಟಿದ ಜೋಹೋ, 2010ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಜೆರೋಧಾ ಕೂಡ ವೆಂಚರ್ ಹಣವಿಲ್ಲದೆಯೇ ಬೆಳೆದವು. ಫ್ಲಿಪ್‌ಕಾರ್ಟ್ ಹೆಸರು ಹೇಳಿದವರಿಗೆ ಮಾತ್ರ ನಾನು ಎದುರಾಡುವುದಿಲ್ಲ. ಲಾಭ ಕಾಣುವ ಮೊದಲೇ ದೇಶದ ಉದ್ದಗಲಕ್ಕೂ ಗೋದಾಮು, ಸಾಗಣೆಯ ಜಾಲ ಕಟ್ಟಬೇಕಾದ ವ್ಯಾಪಾರಕ್ಕೆ ಬೇರೆಯವರ ಹಣ ಬೇಕೇ ಬೇಕು. ಔಷಧ ಸಂಶೋಧನೆಗೂ ಬೇಕು, ರಾಕೆಟ್‌ಗೂ ಬೇಕು. ಆದರೆ ಒಂದು ಜಿಲ್ಲೆಯ ಆಸ್ಪತ್ರೆಗಳಿಗೆ ತಂತ್ರಾಂಶ ಬರೆಯುವವನಿಗೆ ಅದೇ ದಾರಿ ಯಾಕೆ?

"ನಿಧಾನಿಸಿದರೆ ಪ್ರತಿಸ್ಪರ್ಧಿ ನುಂಗಿಹಾಕುತ್ತಾನೆ" ಎನ್ನುವವರಿಗೆ ಒಂದೇ ಮಾತು. ರಿಯಾಯಿತಿ ಕೊಟ್ಟು ಸೇರಿಸಿದ ಗಿರಾಕಿ ರಿಯಾಯಿತಿ ನಿಂತ ದಿನ ಹೊರಡುತ್ತಾನೆ. ಕೆಲಸ ಹಗುರವಾಯಿತು ಎಂದು ಬಂದವನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಮೂರನೆಯದು, ಕಂಪನಿಯ ಯೋಗ್ಯತೆಯನ್ನು ಅಳೆಯಲು ವ್ಯಾಲ್ಯುಯೇಶನ್‌ಗಿಂತ ಒಳ್ಳೆಯ ಅಳತೆ ಇಲ್ಲ ಎಂಬ ವಾದ. ಇಲ್ಲಿ ಸ್ವಲ್ಪ ಲೆಕ್ಕ ಮಾಡಲೇಬೇಕು. ಶೇ 10ರಷ್ಟು ಪಾಲಿಗೆ ಒಬ್ಬರು 5 ಕೋಟಿ ಕೊಟ್ಟರೆ ಕಂಪನಿಯ ಬೆಲೆ 50 ಕೋಟಿ ಎಂದು ಪತ್ರಿಕೆಯಲ್ಲಿ ಬರುತ್ತದೆ. ಆ 50 ಕೋಟಿ ಯಾರ ಕೈಯಲ್ಲೂ ಇಲ್ಲ. ಹೂಡಿಕೆದಾರರು ಕೊಂಡ ಷೇರಿಗಿರುವ ವಿಶೇಷ ಹಕ್ಕುಗಳು ನೌಕರನ ಷೇರಿಗೆ ಇರುವುದಿಲ್ಲ. ಆದರೂ ಎಲ್ಲ ಷೇರಿಗೂ ಒಂದೇ ಬೆಲೆ ಕಟ್ಟಿ ಗುಣಿಸಿರುತ್ತಾರೆ. ಆ ಹಕ್ಕುಗಳಲ್ಲಿ ಮುಖ್ಯವಾದದ್ದು ಲಿಕ್ವಿಡೇಶನ್ ಪ್ರಿಫರೆನ್ಸ್. ಹೂಡಿಕೆದಾರರು ಒಟ್ಟು 30 ಕೋಟಿ ಹಾಕಿ ಶೇ 40ರಷ್ಟು ಪಾಲು ಪಡೆದಿದ್ದಾರೆ ಎನ್ನಿ. ಕಂಪನಿ 35 ಕೋಟಿಗೆ ಮಾರಾಟವಾಯಿತು. ಅವರು ಮೊದಲು ತಮ್ಮ 30 ಕೋಟಿ ಎತ್ತಿಕೊಳ್ಳುತ್ತಾರೆ. ಶೇ 60ರಷ್ಟು ಪಾಲಿರುವ ಸ್ಥಾಪಕರು, ನೌಕರರು ಎಲ್ಲ ಸೇರಿ ಉಳಿದ 5 ಕೋಟಿ ಹಂಚಿಕೊಳ್ಳಬೇಕು. ಆ ಷರತ್ತು ಇರದಿದ್ದರೆ ಅವರಿಗೆ 21 ಕೋಟಿ ಬರುತ್ತಿತ್ತು. ಸಂಬಳ ಕಡಿಮೆ ಮಾಡಿಕೊಂಡು ಷೇರು ನಂಬಿ ಬಂದ ಹುಡುಗಿಗೆ ಇದನ್ನು ಯಾರಾದರೂ ವಿವರಿಸಿರುತ್ತಾರೆಯೇ? 2022ರಲ್ಲಿ ಬೈಜೂಸ್ ಮೌಲ್ಯ 22 ಬಿಲಿಯನ್ ಡಾಲರ್ ಎಂದು ಎಲ್ಲರೂ ಕೊಂಡಾಡಿದರು. 2024ರ ಜುಲೈಯಲ್ಲಿ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ ಅದರ ವಿರುದ್ಧ ದಿವಾಳಿ ಪ್ರಕ್ರಿಯೆಗೆ ಆದೇಶಿಸಿತು.

ಹೂಡಿಕೆದಾರರನ್ನು ನಾನು ಖಳರಂತೆ ಚಿತ್ರಿಸುತ್ತಿದ್ದೇನೆ ಎಂದೂ ಒಬ್ಬರು ಬರೆದಿದ್ದಾರೆ. ಇಲ್ಲ. ಅವರ ಕಸುಬಿನ ಲೆಕ್ಕವೇ ಹಾಗಿದೆ. ಒಂದು ನಿಧಿಯ ಆಯಸ್ಸು ಸಾಮಾನ್ಯವಾಗಿ ಹತ್ತು ವರ್ಷ. ಅಷ್ಟರಲ್ಲಿ ಹಣ ಕೊಟ್ಟವರಿಗೆ ಲಾಭಸಮೇತ ಹಿಂತಿರುಗಿಸಬೇಕು. ಹೂಡಿದ ಕಂಪನಿಗಳಲ್ಲಿ ಹೆಚ್ಚಿನವು ಸೋಲುತ್ತವೆ, ಒಂದೆರಡು ಗೆದ್ದು ಉಳಿದೆಲ್ಲದರ ನಷ್ಟ ತುಂಬಬೇಕು. ವರ್ಷಕ್ಕೆ 3 ಕೋಟಿ ಲಾಭ ತಂದು 40 ಮನೆಗಳ ಒಲೆ ಉರಿಸುವ ಕಂಪನಿ ಈ ಲೆಕ್ಕದಲ್ಲಿ ಸೋತ ಕಂಪನಿ. ಊರಿನ ಲೆಕ್ಕದಲ್ಲಿ ಅಲ್ಲ.

ಹೂಡಿಕೆದಾರರಿಂದ ಮಾರ್ಗದರ್ಶನ ಸಿಗುತ್ತದಲ್ಲ ಎನ್ನುತ್ತಾರೆ. ಒಳ್ಳೆಯವರಿಂದ ಸಿಗುತ್ತದೆ, ಒಪ್ಪುತ್ತೇನೆ. ನಮ್ಮದು ಅಡಿಕೆ ಮಂಡಿಗಳಿಗೆ ಲೆಕ್ಕದ ತಂತ್ರಾಂಶ ಮಾಡುವ ಸಣ್ಣ ಕಂಪನಿ. ಮಂಡಿಯಲ್ಲಿ ಹಮಾಲರು ತಕ್ಕಡಿಯ ಬಳಿ ಚೀಲದ ತೂಕ ಕೂಗುತ್ತಾ ಹೋಗುತ್ತಾರೆ, ಗುಮಾಸ್ತರು ತಲೆಯೆತ್ತದೆ ಬರೆದುಕೊಳ್ಳುತ್ತಾರೆ. ರಾಶಿಯಿಂದ ಬೆಟ್ಟೆಗೆ, ಬೆಟ್ಟೆಯಿಂದ ಗೊರಬಲಿಗೆ ಬಗೆ ಬದಲಾದಾಗಲೆಲ್ಲ ಮೌಸ್ ಹಿಡಿಯಬೇಕಾಗಿ ಬಂದರೆ ಅವರು ಕಂಪ್ಯೂಟರ್ ಪಕ್ಕಕ್ಕೆ ಸರಿಸಿ ಪುಸ್ತಕ ತೆಗೆಯುತ್ತಾರೆ. "ಒಂದೊಂದು ಬಗೆಗೆ ಒಂದೊಂದು ಕೀ ಇಡಿ ಸಾರ್, ಕಣ್ಣು ಚೀಟಿ ಮೇಲೇ ಇರ್ಬೇಕು" ಎಂದು ಒಬ್ಬ ಹಿರಿಯ ಗುಮಾಸ್ತರು ಹೇಳಿದರು. ಹಾಗೆ ಮಾಡಿದ ಮೇಲೆಯೇ ನಮ್ಮ ತಂತ್ರಾಂಶ ಅಲ್ಲಿ ನೆಲೆನಿಂತದ್ದು. ಈ ಸಲಹೆ ಯಾವ ಬೋರ್ಡ್ ಮೀಟಿಂಗಿನಲ್ಲೂ ಸಿಗುತ್ತಿರಲಿಲ್ಲ.

ಇನ್ನು ಎಲ್ಲಕ್ಕಿಂತ ಭಾರವಾದ ಆಕ್ಷೇಪ. ಮನೆಯಲ್ಲಿ ಆಸ್ತಿ ಇದ್ದವರು ಎರಡು ವರ್ಷ ಸಂಬಳವಿಲ್ಲದೆ ಇರಬಲ್ಲರು; ಅಪ್ಪನ ತೋಟವಿಲ್ಲದವನು, ತಮ್ಮನ ಫೀಸು ಕಟ್ಟಬೇಕಾದವಳು ಏನು ಮಾಡಬೇಕು? ನಿಮ್ಮ ಉಪದೇಶ ಉಳ್ಳವರಿಗೆ ಮಾತ್ರ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದ್ದಾರೆ. ಅವರು ಹೇಳಿದ ಕಷ್ಟ ನಿಜ, ಅದನ್ನು ಹಗುರ ಮಾಡಲಾರೆ. ಆದರೆ ವೆಂಚರ್ ಹಣದ ಬಾಗಿಲು ಅಂಥವರಿಗೆ ತೆರೆದಿದೆಯೇ? ಅಲ್ಲಿಗೆ ಹೋಗಲು ಹೆಸರುವಾಸಿ ಕಾಲೇಜು ಬೇಕು, ಪರಿಚಯ ಮಾಡಿಕೊಡುವವರು ಬೇಕು, ನಿರರ್ಗಳ ಇಂಗ್ಲಿಷ್ ಬೇಕು. ಅದಕ್ಕಿಂತ ಹತ್ತಿರದ ದಾರಿಗಳಿವೆ. ಮೊದಲು ಬೇರೆಯವರಿಗೆ ಕೂಲಿಗೆ ತಂತ್ರಾಂಶ ಬರೆದುಕೊಟ್ಟು, ಆ ಆದಾಯದಲ್ಲಿ ಸ್ವಂತ ಉತ್ಪನ್ನ ಕಟ್ಟುವುದು ಒಂದು. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೆ ಅನುದಾನ ಸಿಗುತ್ತದೆ, ಪಾಲು ಬಿಟ್ಟುಕೊಡಬೇಕಿಲ್ಲ. ಜಾಮೀನಿಲ್ಲದ ಸಾಲಕ್ಕೆ ಖಾತರಿ ಕೊಡುವ ಸಿಜಿಟಿಎಂಎಸ್‌ಇ 2000ದಿಂದ ಇದೆ. ಹೀಗಿದ್ದೂ ಪಹಣಿ ತನ್ನಿ ಎನ್ನುವ ಬ್ಯಾಂಕ್ ಶಾಖೆಗಳಿವೆ. ಹೋರಾಡಬೇಕಾದದ್ದು ಅಲ್ಲಿ.

ಹೋರಾಡಬೇಕಾದ ಇನ್ನೊಂದು ಜಾಗವೂ ಇದೆ. ಸಣ್ಣ ಕಂಪನಿಯ ಬಂಡವಾಳ ಗಿರಾಕಿಯ ಹಣ ಎಂದಾದರೆ, ಆ ಹಣ ತಡವಾಗುವುದೆಂದರೆ ಬಂಡವಾಳವನ್ನೇ ತಡೆಹಿಡಿದಂತೆ. ಸಣ್ಣ ಉದ್ದಿಮೆಗಳ ಬಿಲ್ಲನ್ನು ಹೆಚ್ಚೆಂದರೆ 45 ದಿನದೊಳಗೆ ಪಾವತಿಸಬೇಕು ಎಂದು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ಸ್ಟಾರ್ಟಪ್‌ಗಳ ಬಗ್ಗೆ ಭಾಷಣ ಮಾಡುವ ದೊಡ್ಡ ಕಂಪನಿಗಳೂ ಸರ್ಕಾರಿ ಇಲಾಖೆಗಳೂ ಮೊದಲು ತಮ್ಮ ಮೇಜಿನ ಮೇಲಿರುವ ಬಿಲ್ಲುಗಳನ್ನು ಆ ಗಡುವಿನೊಳಗೆ ತೀರಿಸಲಿ.