ಕಾಲುವೆಯ ತುದಿಯಲ್ಲಿ ನಿಂತ ಗಣಕಯಂತ್ರ

ನವಿಲುತೀರ್ಥದ ಅಣೆಕಟ್ಟಿನ ಹತ್ತಿರ ಮನೆಯಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿ ಓದುತ್ತಿದ್ದಾನೆ. ರಜೆಗೆ ಬಂದವನು ಕಳೆದ ರವಿವಾರ ತಂದೆಯ ಸಂಗಡ ನಮ್ಮ ಮನೆಗೆ ಬಂದ. ಕೈಯಲ್ಲಿ ಲ್ಯಾಪ್‌ಟಾಪು, ಮುಖ ಸಪ್ಪಗೆ.

“ಸರ್, ಇದು ಭಾಳ ನಿಧಾನ ಆಗೇತ್ರಿ. ಲಿನಕ್ಸ್ ಚಾಲೂ ಮಾಡಿ ಹೋಗಿ ಚಹಾ ಕುಡದು ಬರಬಹುದು. ಹೊಸಾದು ತಗೋಬೇಕ್ರಿ.”

“ಐವತ್ತು ಸಾವಿರ ಅಂತಾನ್ರಿ ಸರ್,” ಎಂದರು ತಂದೆ. “ನೀವು ಒಮ್ಮೆ ನೋಡ್ರಿ. ಬ್ಯಾರೆ ದಾರಿನೇ ಇಲ್ಲಂದ್ರ ಕಬ್ಬಿನ ಬಿಲ್ಲು ಬಂದ ಮ್ಯಾಲೆ ನೋಡೂಣು.”

ಹುಡುಗನ ಲ್ಯಾಪ್‌ಟಾಪಿನಲ್ಲಿರುವುದು ವಿಂಡೋಸ್. ಕಾಲೇಜಿನ ಪ್ರಯೋಗಗಳಿಗೆ ಬೇಕಾದದ್ದು ಲಿನಕ್ಸ್. ಅದಕ್ಕಾಗಿ ಅವನು ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶ ಹಾಕಿಕೊಂಡು, ಅದರೊಳಗೆ ಲಿನಕ್ಸ್ ನಡೆಸುತ್ತಿದ್ದ. ಇದಕ್ಕೆ ವರ್ಚುವಲ್ ಮಷಿನ್ ಎನ್ನುತ್ತಾರೆ. ಅಂದರೆ ಗಣಕಯಂತ್ರದೊಳಗೆ ಇನ್ನೊಂದು ಗಣಕಯಂತ್ರ. ಒಳಗಿನದಕ್ಕೆ ಸ್ವಂತ ಮೈಯಿಲ್ಲ. ನಿಜವಾದ ಮೆಮೊರಿಯಲ್ಲಿ ಒಂದು ಪಾಲು, ಪ್ರೊಸೆಸರಿನಲ್ಲಿ ಆಗಾಗ ಒಂದು ಸರದಿ, ಡಿಸ್ಕ್ ಎಂದರೆ ಹೊರಗಿನ ಡಿಸ್ಕಿನಲ್ಲಿರುವ ಒಂದು ದೊಡ್ಡ ಫೈಲು, ಇಷ್ಟೇ ಅದರ ಆಸ್ತಿ. ಒಳಗೆ ಓಡುವ ಲಿನಕ್ಸ್ ಮಾತ್ರ ಇಡೀ ಯಂತ್ರವೇ ತನ್ನದೆಂದು ನಂಬಿ ಕೆಲಸ ಮಾಡುತ್ತದೆ. ಹೊರಗಿನದನ್ನು ಯಜಮಾನನೆಂದೂ ಒಳಗಿನದನ್ನು ಅತಿಥಿಯೆಂದೂ ಕರೆಯೋಣ.

ಈ ಕಲ್ಪನೆ ಹೊಸದಲ್ಲ. ನಮ್ಮ ಮಲಪ್ರಭೆಯ ಅಣೆಕಟ್ಟು ಮುಗಿದದ್ದು 1972ರಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ಐಬಿಎಂ ಕಂಪನಿಯು ವಿಎಂ/370 ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ಒಂದು ದೊಡ್ಡ ಯಂತ್ರವನ್ನು ಹಲವರು ಏಕಕಾಲಕ್ಕೆ, ಪ್ರತಿಯೊಬ್ಬರೂ ತಮ್ಮದೇ ಎಂಬಂತೆ ಬಳಸುವುದು ಅದರ ಉದ್ದೇಶ. ಸಾಧಾರಣ ಪಿಸಿಗೆ ಇದು ಬಂದದ್ದು 1999ರಲ್ಲಿ, ವಿಎಂವೇರ್ ಕಂಪನಿಯ ಮೂಲಕ.

ನಾನು ಮೊದಲು ಕೇಳಿದ್ದು ಕೈಗಡಿಯಾರ. ಹುಡುಗ ನಕ್ಕ. ಆದರೆ ಇದರಲ್ಲಿ ವಿಜ್ಞಾನವಿದೆ. ಅತಿಥಿಗೆ ಪ್ರೊಸೆಸರಿನ ಸರದಿ ಸಿಗದ ಹೊತ್ತಿನಲ್ಲಿ ಅದು ನಿದ್ದೆ ಹೋದಂತೆ. ತಾನು ನಿಂತಿದ್ದೆನೆಂಬುದೇ ಅದಕ್ಕೆ ತಿಳಿಯದು. ನಿದ್ದೆ ಹೋದವನನ್ನೇ ಎಷ್ಟು ಹೊತ್ತು ಮಲಗಿದ್ದೆ ಎಂದು ಕೇಳಿದರೆ ಆದೀತೆ? ಅಳತೆಗೋಲು ಹೊರಗಿರಬೇಕು. ಗಡಿಯಾರ ಹಿಡಿದು ನೋಡಿದೆವು. ಲಿನಕ್ಸ್ ಪೂರ್ತಿ ಸಿದ್ಧವಾಗಲು ಏಳು ನಿಮಿಷ ಹಿಡಿಯಿತು.

ಬಳಿಕ ಒಳಗೆ ಹೋದೆವು. ಲಿನಕ್ಸಿನಲ್ಲಿ ‘ಟಾಪ್’ ಎಂದು ಟೈಪಿಸಿದರೆ ಪ್ರೊಸೆಸರಿನ ವೇಳೆ ಎಲ್ಲೆಲ್ಲಿ ಖರ್ಚಾಗುತ್ತಿದೆ ಎಂಬ ಲೆಕ್ಕ ಬರುತ್ತದೆ. ‘ಯುಎಸ್’ ಎಂಬುದು ನಮ್ಮ ಕಾರ್ಯಕ್ರಮಗಳು ಬಳಸಿದ ಪಾಲು. ‘ಡಬ್ಲ್ಯುಎ’ ಎಂಬುದು ಡಿಸ್ಕಿನ ದಾರಿ ಕಾಯುತ್ತ ಕಳೆದ ಪಾಲು. ಇವನಲ್ಲಿ ಯುಎಸ್ ಅತ್ಯಲ್ಪ, ಡಬ್ಲ್ಯುಎ ವಿಪರೀತ. ಮೆಮೊರಿಯೋ, ಅರ್ಧಕ್ಕರ್ಧ ಖಾಲಿ ಬಿದ್ದಿತ್ತು.

“ಡಿಸ್ಕ್ ಕೆಟ್ಟೈತ್ರಿ ಸರ್,” ಎಂದ ಹುಡುಗ. ಸುಳ್ಳೇಕೆ ಹೇಳಲಿ, ನನಗೂ ಹಾಗೇ ಅನಿಸಿತು.

ಆಗ ಮಾತಾಡಿದವರು ತಂದೆ. ಅವರು ಕಾಲುವೆಯ ಗೇಟು ನೋಡಿಕೊಳ್ಳುವ ಕೆಲಸದಲ್ಲಿದ್ದು ನಿವೃತ್ತರಾದವರು. “ತುದಿ ಹೊಲದಾಗ ನಿಂತು ನೀರ್ಯಾಕ ಬರವಲ್ದು ಅಂದ್ರ ಹ್ಯಾಂಗ ಗೊತ್ತಾಕ್ಕೈತಿ? ಕಾಲುವಿ ಹಿಡದು ಮ್ಯಾಲೆ ನಡಕೋತ ಬರಬೇಕು.”

ಎಂಥ ಮಾತು! ರೇಣುಕಾಸಾಗರದಲ್ಲಿ ನೀರು 2079.5 ಅಡಿಗೆ ನಿಂತು, 37.73 ಟಿಎಂಸಿ ತುಂಬಿದ್ದರೂ ನವಲಗುಂದ, ನರಗುಂದದ ಕಡೆಯ ತುದಿ ಹೊಲ ಒಣಗಬಹುದು. ಆ ರೈತನ ಕಣ್ಣಿಗೆ ಬೀಳುವುದು ಒಣಗಿದ ಹೊಲಗಾಲುವೆ ಮಾತ್ರ. ಜಲಾಶಯ ಬತ್ತಿದೆಯೋ, ಗೇಟು ಮುಚ್ಚಿದೆಯೋ, ಮೇಲಿನವರು ಎತ್ತಿಕೊಂಡರೋ, ಅಲ್ಲಿಂದ ತಿಳಿಯದು.

ಮೇಲಕ್ಕೆ ನಡೆದೆವು, ಅಂದರೆ ವಿಂಡೋಸಿಗೆ ಬಂದು ಟಾಸ್ಕ್ ಮ್ಯಾನೇಜರ್ ತೆರೆದೆವು. ಯಜಮಾನನ ಮೆಮೊರಿ ಶೇಕಡಾ 96 ತುಂಬಿತ್ತು. ಡಿಸ್ಕ್ ಶೇಕಡಾ 100. ಗುಟ್ಟು ಬಯಲಾಯಿತು. ಲ್ಯಾಪ್‌ಟಾಪಿನಲ್ಲಿ ಇರುವುದೇ 4 ಜಿಬಿ. ಹೆಚ್ಚು ಕೊಟ್ಟರೆ ಹೆಚ್ಚು ವೇಗವೆಂದು ಹುಡುಗ ಅದರಲ್ಲಿ 3 ಜಿಬಿಯನ್ನು ಅತಿಥಿಗೆ ಬರೆದುಕೊಟ್ಟಿದ್ದ. ಉಳಿದ ಒಂದರಲ್ಲಿ ಯಜಮಾನನ ಸಂಸಾರ ಸಾಗದು. ಅವನು ಮೆಮೊರಿಯ ಸಾಮಾನುಗಳನ್ನು ಡಿಸ್ಕಿಗೆ ಸಾಗಿಸುತ್ತ, ಬೇಕಾದಾಗ ಮತ್ತೆ ತರುತ್ತ ಬೆವರುತ್ತಿದ್ದ. ಅತಿಥಿಯ ಫೈಲು ಇರುವುದೂ ಅದೇ ಡಿಸ್ಕಿನಲ್ಲಿ. ಹೀಗಾಗಿ ಅತಿಥಿ ಪಾಳಿಯಲ್ಲಿ ನಿಂತು ಕಾಯುತ್ತಿತ್ತು. ಅದು ಕಾಯುತ್ತಿದ್ದದ್ದು ನಿಜ, ಡಿಸ್ಕ್ ಕೆಟ್ಟಿದೆ ಎಂಬುದು ಸುಳ್ಳು.

ಅತಿಥಿಯ ಮೆಮೊರಿಯನ್ನು 3 ಜಿಬಿಯಿಂದ ಒಂದೂವರೆಗೆ ಇಳಿಸಿದೆವು. ಬೇರೇನನ್ನೂ ಮುಟ್ಟಲಿಲ್ಲ; ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂದು ಹೇಳಲಾಗದು. ಪ್ರತಿ ಸಲ ಅಳೆಯುವ ಮೊದಲು ಲ್ಯಾಪ್‌ಟಾಪನ್ನೇ ರೀಸ್ಟಾರ್ಟ್ ಮಾಡಿದೆವು. ಇಲ್ಲದಿದ್ದರೆ ಹಿಂದಿನ ಸಲ ಡಿಸ್ಕಿನಿಂದ ಓದಿದ್ದು ಮೆಮೊರಿಯಲ್ಲಿ ಉಳಿದು, ಎರಡನೆಯ ಸಲ ಏನೂ ಮಾಡದೆಯೇ ಬೇಗ ಆದಂತೆ ತೋರುತ್ತದೆ. ಪ್ರಯೋಗ ಮಾಡುವವರು ಬಹಳ ಮಂದಿ ಎಡವುವುದು ಇಲ್ಲಿಯೇ. ಈ ಸಲ ಎರಡೂವರೆ ನಿಮಿಷದಲ್ಲಿ ಲಿನಕ್ಸ್ ಎದ್ದಿತು. ಕೊಟ್ಟದ್ದನ್ನು ಕಡಿಮೆ ಮಾಡಿದ್ದಕ್ಕೆ ವೇಗ ಹೆಚ್ಚಿತು! ಹುಡುಗ ಗಡಿಯಾರವನ್ನೇ ಅನುಮಾನದಿಂದ ನೋಡಿದ. ಎರಡೇ ಕೋರ್ ಇರುವ ಪ್ರೊಸೆಸರಿನಲ್ಲಿ ಅತಿಥಿಗೆ ನಾಲ್ಕು ಕೊಟ್ಟಿದ್ದ. ಅದನ್ನೂ ಒಂದಕ್ಕೆ ಇಳಿಸಿದೆವು. ಇದರಿಂದ ಹೆಚ್ಚೇನೂ ಫಲ ಸಿಗಲಿಲ್ಲ. ಅದನ್ನೂ ಬರೆದಿಟ್ಟುಕೊಂಡೆವು.

ಮುಂದೆ ನೌಕರಿಗೆ ಹೋದಾಗ ಈ ಹುಡುಗರು ಬಳಸುವ ಯಂತ್ರಗಳು ಬಹುಪಾಲು ಇಂಥವೇ. ಯಾವುದೋ ದೂರದ ಕಟ್ಟಡದಲ್ಲಿ ಬಾಡಿಗೆಗೆ ಹಿಡಿದವು. ಅಲ್ಲಿ ಯಜಮಾನನ ಕೋಣೆಗೆ ಪ್ರವೇಶವಿಲ್ಲ. ಆದರೆ ‘ಟಾಪ್’ ಪಟ್ಟಿಯ ಕೊನೆಯಲ್ಲಿ ‘ಎಸ್‌ಟಿ’ ಎಂಬ ಇನ್ನೊಂದು ಅಂಕಿಯಿದೆ. ಎಸ್‌ಟಿ ಎಂದರೆ ಸ್ಟೀಲ್, ಕಳವು. ಅತಿಥಿ ಕೆಲಸಕ್ಕೆ ಸಿದ್ಧವಾಗಿದ್ದರೂ ಪ್ರೊಸೆಸರನ್ನು ಬೇರೆಯವರಿಗೆ ಕೊಟ್ಟ ವೇಳೆ ಅದು. ಯಜಮಾನ ತಾನಾಗಿ ತಿಳಿಸಿದರೆ ಮಾತ್ರ ಅಲ್ಲಿ ಕಾಣುತ್ತದೆ. ಸೊನ್ನೆ ಕಂಡೊಡನೆ ಕಳವಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಎಸ್‌ಟಿ ಸತತ ಏರಿದ್ದರೆ ಕಾರ್ಯಕ್ರಮವನ್ನು ತಿದ್ದಿ ಬರೆದು ಕಣ್ಣು ಕೆಡಿಸಿಕೊಳ್ಳುವ ಮೊದಲು ಬಾಡಿಗೆ ಕೊಟ್ಟವರನ್ನು ಕೇಳಬೇಕು. ಅದು ಸೊನ್ನೆಯಿದ್ದು ಯುಎಸ್ ತೊಂಬತ್ತು ದಾಟಿದ್ದರೆ ಮೊದಲು ನೋಡಬೇಕಾದದ್ದು ನಾವು ಬರೆದ ಕಾರ್ಯಕ್ರಮವನ್ನೇ.

ಲ್ಯಾಪ್‌ಟಾಪಿನ ತಳ ಬಿಚ್ಚಿ ನೋಡಿದಾಗ ಮೆಮೊರಿಯ ಎರಡನೆಯ ಜಾಗ ಖಾಲಿಯಿತ್ತು. ಅಲ್ಲಿ ಇನ್ನೊಂದು 4 ಜಿಬಿ ಕೂಡಿಸಬಹುದು. ಅದಕ್ಕೆ ಐವತ್ತು ಸಾವಿರ ಬೇಕಿಲ್ಲ. ತಂದೆ ಅದರ ನಮೂನೆಯ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಕಿಸೆಯಲ್ಲಿಟ್ಟುಕೊಂಡರು. ಸೋಮವಾರ ಹುಬ್ಬಳ್ಳಿಗೆ ಹೋಗುವ ಕೆಲಸ ಹೇಗೂ ಇದೆಯಂತೆ.