ಬಲಕ್ಕಿಂತ ಮೊದಲು ನಿಲುವು

ನಿವೃತ್ತಿಯ ಅಂಚಿನಲ್ಲಿ ಗಾಲ್ಫ್ ಆಟಕ್ಕೆ ಮನಸೋತಿರುವ ನನ್ನ ಹಳೆಯ ವಿದ್ಯಾರ್ಥಿಗಳೇ, ತೋಳ್ಬಲವನ್ನೇ ನೆಚ್ಚಬೇಡಿ. ಬಲಗೈ ಆಟಗಾರನು ಕೋಲನ್ನು ಹಿಂದಕ್ಕೆತ್ತುವಾಗ ಮೈಭಾರವು ಬಲಗಾಲಿಗೆ ಸರಿಯುತ್ತದೆ. ಬೀಸುವಾಗ ಎಡಗಾಲಿಗೆ ದಾಟುತ್ತದೆ. ಆಗ ಕಾಲು ತಡವರಿಸಿದರೆ ಕೋಲು ಚೆಂಡಿಗೆ ಸರಿಯಾಗಿ ತಾಗದು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ಬೆಂಗಳೂರಿನ ಅದಿತಿ ಅಶೋಕ್ ದೂರದ ಹೊಡೆತಕ್ಕೆ ಹೆಸರಾದವರಲ್ಲ, ನಿಖರತೆಗೆ ಹೆಸರಾದವರು.

ನಿತ್ಯವೂ ಗೋಡೆಯ ಪಕ್ಕದಲ್ಲಿ ಒಂದೊಂದೇ ಕಾಲಿನ ಮೇಲೆ ಅರ್ಧ ನಿಮಿಷ ನಿಲ್ಲಿರಿ. ಬಳಿಕ ಪಾದಗಳನ್ನು ಜೋಡಿಸಿ ಮೆಲ್ಲಗೆ ಕೋಲು ಬೀಸಿ, ಕೊನೆಯ ಭಂಗಿಯಲ್ಲಿ ಮೂರೆಣಿಸುವವರೆಗೆ ಅಲುಗದಿರಿ. ಅರವತ್ತು ದಾಟಿದವರಿಗೆ ಪಂದ್ಯದ ಸೋಲಿಗಿಂತ ಬಚ್ಚಲಮನೆಯಲ್ಲಿ ಜಾರಿ ಸೊಂಟ ಮುರಿದುಕೊಳ್ಳುವ ಅಪಾಯವೇ ದೊಡ್ಡದು. ಆದ್ದರಿಂದ ಹೊಸ ಕೋಲು ಕೊಳ್ಳುವ ಮುನ್ನ ಕಾಲನ್ನು ಪಳಗಿಸಿಕೊಳ್ಳಿರೆಂಬುದು ನನ್ನ ಅಭಿಪ್ರಾಯ.