ಅರೆತಲೆನೋವು: ಬರುವ ಮುನ್ನವೇ ಒಡ್ಡು

ಕಳೆದ ಶ್ರಾವಣ ಮಾಸದ ಒಂದು ಸೋಮವಾರ ಧುಪದಾಳದ ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದೆ. ಮನೆಯ ಸೊಸೆ ಕಾಣಲಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ತಲೆಗೆ ಬಟ್ಟೆ ಬಿಗಿದು ಮಲಗಿದ್ದಳು. ಅತ್ತೆ ದನಿ ತಗ್ಗಿಸಿ, "ತಿಂಗಳದಾಗ ಐದಾರು ಸಲ ಹಿಂಗ ಮಲಗತಾಳ್ರಿ ಶಾಸ್ತ್ರಿಗಳ. ಕೆಲಸಾ ತಪ್ಪಿಸಾಕ ನೆವಾ ಹೂಡತಾಳ ಅಂತ ನಾನೂ ತಿಳಕೊಂಡಿದ್ದೆ" ಎಂದರು. ಆ ತಾಯಿಯ ಮಾತಿನಲ್ಲಿ ಪಶ್ಚಾತ್ತಾಪವಿತ್ತು.

ಪ್ರಿಯ ವಾಚಕರೆ, ವೈದ್ಯರು ಮೈಗ್ರೇನ್ ಎಂದು ಕರೆಯುವ ಈ ಅರೆತಲೆನೋವು ಮಿದುಳಿಗೂ ನರಗಳಿಗೂ ಸಂಬಂಧಿಸಿದ ನಿಜವಾದ ರೋಗ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳ 2,329 ವಯಸ್ಕರನ್ನು ಕುರಿತು ನಡೆದು 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಒಂದು ವರ್ಷದೊಳಗೆ ಇದನ್ನು ಅನುಭವಿಸಿದವರು ನೂರಕ್ಕೆ 25 ಮಂದಿ. ಅವರಲ್ಲಿ ಸ್ತ್ರೀಯರೇ ಅಧಿಕ.

ನೋವು ಬಂದಾಗಲೆಲ್ಲ ಅಂಗಡಿಯ ಗುಳಿಗೆ ನುಂಗುವುದು ನಮ್ಮ ರೂಢಿ. ಆದರೆ ತಿಂಗಳಿಗೆ ಹತ್ತು ಹದಿನೈದು ದಿನ ಇವನ್ನು ಸೇವಿಸುತ್ತ ಹೋದರೆ ಗುಳಿಗೆಯೇ ತಲೆನೋವನ್ನು ಬೆಳೆಸುತ್ತದೆ. ನೋವು ಪದೇ ಪದೇ ಮರುಕಳಿಸುವವರಿಗೆ ಬೇಕಾದುದು ತಡೆಯುವ ಚಿಕಿತ್ಸೆ. ಧುಪದಾಳದವರಿಗೆ ಒಡ್ಡಿನ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಘಟಪ್ರಭೆಗೆ ನೀರು ಬರುವ ಮೊದಲೇ ಅದು ನಿಂತಿರಬೇಕು.

ಇದಕ್ಕಾಗಿ ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಟೊಪಿರಮೇಟ್ ಮೊದಲಾದ ಔಷಧಗಳು ಬಹು ಹಿಂದಿನಿಂದಲೂ ಬಳಕೆಯಲ್ಲಿವೆ. ಇವು ಮೂಲತಃ ಬೇರೆ ಬೇರೆ ರೋಗಗಳಿಗೆ ಹುಟ್ಟಿದವು. ದಮ್ಮು ಇರುವವರಿಗೆ ಮೊದಲನೆಯದು ಸಲ್ಲದು. ಗರ್ಭ ಧರಿಸಬಹುದಾದ ಹೆಣ್ಣುಮಕ್ಕಳಿಗೆ ಕೊನೆಯದು ಅಪಾಯಕರ. ಆದುದರಿಂದ ವೈದ್ಯರನ್ನು ಕೇಳದೆ ಇವನ್ನು ತೆಗೆದುಕೊಳ್ಳಲಾಗದು.

ಅರೆತಲೆನೋವಿನ ಸಮಯದಲ್ಲಿ ಸಿಜಿಆರ್‌ಪಿ ಎಂಬ ದ್ರವ್ಯ ನರಗಳ ತುದಿಯಿಂದ ಹೊರಬಿದ್ದು ನೋವನ್ನು ಪ್ರಚೋದಿಸುತ್ತದೆಂದು ವಿಜ್ಞಾನಿಗಳು ಕಂಡುಕೊಂಡ ಮೇಲೆ, ಈ ರೋಗವನ್ನೇ ಗುರಿಯಾಗಿಟ್ಟ ಔಷಧಗಳು ಬಂದವು. ಅಮೆರಿಕದಲ್ಲಿ 2018ರ ಮೇ ತಿಂಗಳಲ್ಲಿ ಎರೆನುಮಾಬ್ ಎಂಬ ಚುಚ್ಚುಮದ್ದಿಗೆ ಮೊದಲ ಒಪ್ಪಿಗೆ ದೊರೆಯಿತು. ಇದನ್ನು ತಿಂಗಳಿಗೊಮ್ಮೆ ಚರ್ಮದಡಿ ಚುಚ್ಚಿಕೊಳ್ಳಬೇಕು. 2021ರಲ್ಲಿ ಅಟೊಜೆಪಂಟ್ ಎಂಬ ದಿನದ ಗುಳಿಗೆಗೂ ಒಪ್ಪಿಗೆ ಸಿಕ್ಕಿತು. ಮಲಬದ್ಧತೆ ಇವುಗಳ ಸಾಮಾನ್ಯ ತೊಂದರೆ; ಬೆಲೆಯೂ ಹಗುರವಲ್ಲ.

ಔಷಧವೇ ಇಲ್ಲದ ಸಾಧನಗಳೂ ಇವೆ. ಹಣೆಗೆ ಅಂಟಿಸಿಕೊಂಡು ಹುಬ್ಬಿನ ಮೇಲಿನ ನರಗಳಿಗೆ ಸೌಮ್ಯ ವಿದ್ಯುತ್ ಸ್ಪಂದನ ನೀಡುವ ಸೆಫಾಲಿ ಎಂಬ ಯಂತ್ರಕ್ಕೆ 2014ರಲ್ಲಿಯೇ ಅಲ್ಲಿ ಅನುಮತಿ ಸಿಕ್ಕಿತ್ತು. ಮೇಲ್ದೋಳಿಗೆ ಕಟ್ಟಿಕೊಳ್ಳುವ ನೆರಿವಿಯೊ ಎಂಬುದು 2023ರಲ್ಲಿ ಭಾರತಕ್ಕೂ ಬಂದಿತು. ಒಂದು ಸಲಕ್ಕೆ 45 ನಿಮಿಷ ಕಟ್ಟಿಕೊಳ್ಳಬೇಕು. ಎಲ್ಲರಿಗೂ ಇವು ಫಲಿಸುವುದಿಲ್ಲ. ಫಲಿಸಿದವರಲ್ಲಿಯೂ ನೋವಿನ ದಿನಗಳು ಕಡಿಮೆಯಾಗುತ್ತವೆಯೇ ಹೊರತು ರೋಗ ಬೇರುಸಹಿತ ಹೋಗುವುದಿಲ್ಲ.

ಹಣ ಬೇಡದ ಒಡ್ಡುಗಳೂ ಉಂಟು: ಹೊತ್ತಿಗೆ ಸರಿಯಾಗಿ ಊಟ, ನಿದ್ರೆ, ಸಾಕಷ್ಟು ನೀರು. ಉಪವಾಸದಿಂದ ನೋವು ಕೆರಳುವವರನ್ನು ವ್ರತಕ್ಕೆ ಒತ್ತಾಯಿಸಬಾರದು. ಹಠಾತ್ತನೆ ಸಿಡಿಲಿನಂತೆ ಬಂದ ತಲೆನೋವು, ಕೈಕಾಲು ಸೋಲುವಿಕೆ, ಮಾತಿನ ತೊದಲು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಆ ಮನೆಯವರು ಸೊಸೆಯನ್ನು ಬೆಳಗಾವಿಯ ನರರೋಗ ತಜ್ಞರಲ್ಲಿಗೆ ಕರೆದೊಯ್ದರು. ಅವರು ಮೊದಲು ಕೇಳಿದ್ದು ನೋವು ಬಂದ ದಿನಗಳ ಲೆಕ್ಕ. ಈಗ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಗುರುತು ಹಾಕುವವರು ಅತ್ತೆಯೇ. ಬಳಲುವವರ ಮಾತನ್ನು ನಂಬುವುದೇ ಚಿಕಿತ್ಸೆಯ ಮೊದಲ ಹೆಜ್ಜೆಯೆಂದು ಆ ತಾಯಿ ನನಗೆ ಕಲಿಸಿದರು.